ನಂಜಪ್ಪನ ದಾರ, ಲಕ್ಕಯ್ಯನ ಕೈ

ಚನ್ನರಾಯಪಟ್ಟಣದ ನಂಜಪ್ಪನ ರಿಪೇರಿ ಶೆಡ್ಡಿನ ಮುಂದೆ ಲಾರಿ ನಿಲ್ಲಿಸಿದ ಡ್ರೈವರ್ ಲಕ್ಕಯ್ಯ, ಕೀಲಿಯನ್ನು ಜೇಬಿಗೆ ಹಾಕಿಕೊಂಡು, ಹಾಸನದಲ್ಲಿ ಚಕ್ರ ನೋಡಿಸುವ ತನಕ ಈ ಗಾಡಿಗೆ ಒಂದು ನರಪಿಳ್ಳೆಯನ್ನೂ ಹತ್ತಿಸುವುದಿಲ್ಲ ಎಂದುಬಿಟ್ಟ.

ಲಾರಿಯ ಯಜಮಾನ ಪದ್ಮಯ್ಯ ಶೆಡ್ಡಿನ ಬೆಂಚಿನ ಮೇಲೆ ಕೂತಿದ್ದ. ಶ್ರವಣಬೆಳಗೊಳದಲ್ಲಿ ಅವನದು ತೆಂಗಿನಕಾಯಿ ವ್ಯಾಪಾರ. ಮಾರನೆಯ ದಿನ ಅವನ ತಂಗಿಯ ಮಗಳ ಮದುವೆಗೆ ಹೆಂಗಸರು, ಮಕ್ಕಳು, ಮುದುಕಿ ತಾಯಿ ಜಿನಮ್ಮ ಎಲ್ಲರೂ ಇದೇ ಲಾರಿಯಲ್ಲಿ ಹೊಳೆನರಸೀಪುರಕ್ಕೆ ಹೋಗಬೇಕಿತ್ತು.

ಹಿಂದಿನ ತಿಂಗಳು ಶಾಂತಿಗ್ರಾಮದ ಹತ್ತಿರ ಅಡ್ಡ ಬಂದ ಎಮ್ಮೆಯೊಂದನ್ನು ತಪ್ಪಿಸಲು ಹೋಗಿ ಲಕ್ಕಯ್ಯ ಲಾರಿಯನ್ನು ಮೋರಿಯ ಕಟ್ಟೆಗೆ ಗುದ್ದಿಸಿದ್ದ. ಮುಂದಿನ ಆಕ್ಸೆಲ್ ಬಾಗಿತ್ತು. ನಂಜಪ್ಪ ಅದನ್ನು ಬಿಚ್ಚಿ, ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಬಡಿದು ನೆಟ್ಟಗೆ ಮಾಡಿ ಕೂರಿಸಿದ. ಆಮೇಲೆ ದಾರ ಹಿಡಿದ. ಹಿಂದಿನ ಚಕ್ರದಿಂದ ಮುಂದಿನ ಚಕ್ರಕ್ಕೆ ದಾರ ಎಳೆದು, ಟೈರಿಗೆ ಸೀಮೆಸುಣ್ಣದ ಗುರುತು ಹಾಕಿ, ಬಿದಿರುಕಡ್ಡಿಯಲ್ಲಿ ಅಳೆದು ಚಕ್ರಗಳನ್ನು ಒಂದು ಸಾಲಿಗೆ ತರುವುದು ಅವನ ಪದ್ಧತಿ. ಒಮ್ಮೆ ಅಳೆದ ಮೇಲೆ ಗಾಡಿಯನ್ನು ಮುಂದಕ್ಕೆ ಉರುಳಿಸಿ ಇನ್ನೊಮ್ಮೆ ಅಳೆಯುತ್ತಿದ್ದ. ಅರಕಲಗೂಡಿನಿಂದ ಬಂದವರೂ ಆ ದಾರವನ್ನು ನಂಬಿ ಹೋಗುತ್ತಿದ್ದರು. ಲಕ್ಕಯ್ಯನೂ ನಂಬಿದ್ದ.

ಆದರೆ ಆ ಸಂಜೆ ಎರಡನೆಯ ಅಳತೆ ಆಗಲಿಲ್ಲ. ಪದ್ಮಯ್ಯ ಹೊತ್ತು ಮುಳುಗಿದ ಮೇಲೆ ಅನ್ನ ಮುಟ್ಟುವವನಲ್ಲ. ಅದು ಅವನ ಮನೆತನದ ವ್ರತ. ಬೇಗ ಮಾಡು ಎಂದು ಅವನೇನೂ ಹೇಳಲಿಲ್ಲ. ಹಣೆಗೆ ಕೈ ಅಡ್ಡ ಹಿಡಿದು ಪಡುವಣದ ಕಡೆ ಒಮ್ಮೆ ನೋಡಿದ, ಅಷ್ಟೆ. ನಂಜಪ್ಪ ದಾರ ಸುತ್ತಿಟ್ಟ.

ಅಂದಿನಿಂದ ಲೋಡು ಬಿದ್ದರೆ ಸಾಕು, ಲಾರಿ ಎಡಕ್ಕೆ ಎಳೆಯುತ್ತಿತ್ತು. ತಿರುವು ದಾಟಿದ ಮೇಲೆ ಸ್ಟೇರಿಂಗ್ ತಾನಾಗಿ ನೆಟ್ಟಗಾಗುತ್ತಿರಲಿಲ್ಲ. ಹಟಮಾರಿ ಹೋರಿಯ ಮೂಗುದಾರ ಜಗ್ಗಿದಂತೆ ಜಗ್ಗಿ ತರಬೇಕಿತ್ತು. ಇದನ್ನು ಹೇಳಿದಾಗಲೆಲ್ಲ ಪದ್ಮಯ್ಯನದು ಒಂದೇ ಉತ್ತರ: ಗಾಡಿ ರಿಪೇರಿಯಾಗಿದೆ, ಲಕ್ಕಯ್ಯನ ಕೈ ರಿಪೇರಿಯಾಗಿಲ್ಲ. ಆ ಮಾತು ಸಂತೆ ಮಾಳಗಳನ್ನೆಲ್ಲ ಸುತ್ತಿ ಬಂದಿತ್ತು. ಮೋರಿಗೆ ಗುದ್ದಿದ ಡ್ರೈವರಿಗೆ ಕೈ ನಡುಗುತ್ತದಂತೆ ಎಂದು ಒಮ್ಮೆ ಹಬ್ಬಿದರೆ ಮತ್ತೆ ಯಾವ ಸಾಹುಕಾರ ಕೀಲಿ ಕೊಡುತ್ತಾನೆ?

ಈಗಲೂ ಪದ್ಮಯ್ಯ ಅದನ್ನೇ ಹೇಳಿದ. ನಂಜಪ್ಪನೂ ಬಿಡಲಿಲ್ಲ.

"ನಿಮ್ಮಪ್ಪ ಗಾಡಿ ಕಟ್ತಿದ್ದಾಗಿಂದ ನಾನು ಚಕ್ರ ನೋಡ್ತಿವ್ನಿ ಕಣ್ಲಾ. ಆಸನದ ಮಿಷನ್ನು ನನ್ ದಾರಕ್ಕೆ ಬುದ್ಧಿ ಏಳ್ತದಾ?"

"ನಿನ್ ದಾರ ಸರಿಯಾಗೇ ಅದೆ ನಂಜಪ್ಪಣ್ಣ. ಅವತ್ತು ಎರಡ್ನೇ ಸಲ ಅಳೀನಿಲ್ಲ ನೀನು," ಎಂದ ಲಕ್ಕಯ್ಯ. ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಯಾಕ್ ಅಳೀನಿಲ್ಲ ಅಂದ್ರೆ, ಸಾವ್ಕಾರ್ರು ಉಣ್ಣಕ್ ಓಗ್ಬೇಕಾಗಿತ್ತು."

ಶೆಡ್ಡಿನಲ್ಲಿ ಸುತ್ತಿಗೆ ಸದ್ದು ನಿಂತಿತು. ಪದ್ಮಯ್ಯನ ಮುಖಕ್ಕೆ ರಕ್ತ ಏರಿತು. ಅವನು ಎದ್ದು, ಪಂಚೆ ಎತ್ತಿ ಕಟ್ಟಿ, ಲಾರಿಯ ಮುಂಭಾಗಕ್ಕೆ ಹತ್ತಿ ಕೂತ. ನಡಿ ಬೆಳಗೊಳಕ್ಕೆ, ಎಳೆಯುವುದು ಗಾಡಿಯೋ ನಿನ್ನ ಕೈಯೋ ನಾನೇ ಪಕ್ಕದಲ್ಲಿ ಕೂತು ನೋಡುತ್ತೇನೆ ಎಂದ.

ಲಕ್ಕಯ್ಯ ಗಾಡಿ ಹೊರಡಿಸಿದ. ಬೆಳಗೊಳದ ರಸ್ತೆಗೆ ತಿರುಗಿಸಲಿಲ್ಲ. ಹಾಸನದ ರಸ್ತೆ ಹಿಡಿದ. ಇಳಿಬಿಸಿಲು ನೇರ ಕಣ್ಣಿಗೆ ಹೊಡೆಯುತ್ತಿತ್ತು.

ಪದ್ಮಯ್ಯ ದಾರಿ ಬಿಟ್ಟು ಲಕ್ಕಯ್ಯನ ಕೈಗಳನ್ನೇ ನೋಡುತ್ತಿದ್ದ. ನೆಟ್ಟನೆಯ ರಸ್ತೆ ಸಿಕ್ಕಾಗ ಲಕ್ಕಯ್ಯ ಸ್ಟೇರಿಂಗಿನಿಂದ ಎರಡೂ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡ. ಹಿಂದೆ ತೆಂಗಿನಕಾಯಿ ಲೋಡಿತ್ತು. ಲಾರಿ ಸ್ವಲ್ಪ ದೂರ ಸಾಧುವಿನಂತೆ ಹೋಗಿ, ಮೆಲ್ಲಗೆ ಎಡಕ್ಕೆ, ಸಾಲುಮರಗಳ ಕಡೆಗೆ ವಾಲಿತು. ಲಕ್ಕಯ್ಯ ಕೈ ಎತ್ತಲಿಲ್ಲ. ಒಂದು ಆಲದ ಬುಡ ಬೆಳೆಯುತ್ತ ಬೆಳೆಯುತ್ತ ಗಾಜಿನ ತುಂಬ ಆದಾಗ ಪದ್ಮಯ್ಯನೇ ಬಗ್ಗಿ ಸ್ಟೇರಿಂಗ್ ಹಿಡಿದು ಬಲಕ್ಕೆ ಎಳೆದ.

"ರಸ್ತೆ ಎಡಕ್ಕೆ ಇಳಿಜಾರಾಗಿದೆ," ಎಂದ, ಉಸಿರು ಹಿಡಿದುಕೊಂಡೇ.

ಇರಬಹುದಿತ್ತು. ಲಕ್ಕಯ್ಯನಿಗೂ ಅನುಮಾನ ಹುಟ್ಟಿತು. ಹಾಗಾದರೆ ಇಷ್ಟು ದಿನ ನಿಜವಾಗಿಯೂ ಕೈಯೇ ಕೆಟ್ಟಿತ್ತೆ? ಆದರೂ ಗಾಡಿ ತಿರುಗಿಸಲಿಲ್ಲ.

ಹೊತ್ತು ಮುಳುಗುವ ಮುಂಚೆ ಮನೆ ಸೇರುತ್ತೇವೆಯೆ ಎಂದು ಪದ್ಮಯ್ಯ ಕೊನೆಗೂ ಕೇಳಿದ. ಅವನು ಹೋಟೆಲಿನಲ್ಲಿ ನೀರನ್ನೂ ಮುಟ್ಟುವವನಲ್ಲ.

"ಇಲ್ಲ. ಇವತ್ತೊಂದಿನ ಉಪಾಸ ಇರಿ ಸಾವ್ಕಾರ್ರೆ."

ಹಾಸನದ ವರ್ಕ್‌ಶಾಪು ಇನ್ನೂ ತೆರೆದಿತ್ತು. ಮೈಸೂರಿನಲ್ಲಿ ಕೆಲಸ ಕಲಿತು ಬಂದ ಮೇಸ್ತ್ರಿ ಚಕ್ರಕ್ಕೆ ಗೇಜು ಕಟ್ಟಿ, ಬಗ್ಗಿ ನೋಡಿ, ಬಿಚ್ಚಿ, ಇನ್ನೊಂದು ಬದಿಗೆ ಕಟ್ಟಿ ನೋಡಿದ. ಚಕ್ರಗಳ ಸಾಲು ಸರಿಯಾಗಿಯೇ ಇದೆ, ದಾರ ಹಿಡಿದವನು ಒಳ್ಳೆಯ ಕಣ್ಣಿನವನು ಎಂದ. ಆಮೇಲೆ ಮೇಸ್ತ್ರಿ ಆಕ್ಸೆಲ್ ತೋರಿಸಿದ. ಬೆಂಕಿಯಲ್ಲಿ ಕಾಯಿಸಿ ಬಡಿದಾಗ ಅದು ಒಂದಿಷ್ಟು ತಿರುಚಿಕೊಂಡಿದೆ. ಎಡಚಕ್ರದ ಬುಡ ವಾಲಿದೆ. ಅದಕ್ಕೇ ಎಳೆಯುವುದು, ಅದಕ್ಕೇ ಸ್ಟೇರಿಂಗ್ ತಿರುಗಿ ಬಾರದಿರುವುದು. ದಾರದಿಂದ ನೂರು ಸಲ ಅಳೆದರೂ ಇದು ಸಿಕ್ಕುವುದಿಲ್ಲ. ಸ್ಪ್ರಿಂಗಿನ ಕೆಳಗೆ ಬೆಣೆ ಕೊಟ್ಟು ಬೆಳಿಗ್ಗೆ ಸರಿ ಮಾಡಿಕೊಡುತ್ತೇನೆ ಎಂದ.

ಪದ್ಮಯ್ಯ ಲಕ್ಕಯ್ಯನ ಮುಖವನ್ನೇ ನೋಡಿದ. "ನನ್ನ ಊಟದಿಂದ ಆದದ್ದಲ್ಲ, ಅಲ್ಲವಾ?"

"ಅಲ್ಲ."

"ನಿನ್ನ ಕೈಯಿಂದ ಆದದ್ದೂ ಅಲ್ಲ," ಎಂದ ಪದ್ಮಯ್ಯ, ಬಲವಂತಕ್ಕೆ ಕಹಿ ಕಷಾಯ ಕುಡಿಯುವವನಂತೆ.

ಬೆಳಿಗ್ಗೆ ಬೆಣೆ ಕೂರಿಸಿದ ಮೇಲೆ ಲಾರಿ ಬಾಣದಂತೆ ನೆಟ್ಟಗೆ ಬಂತು. ಚನ್ನರಾಯಪಟ್ಟಣದಲ್ಲಿ ಲಕ್ಕಯ್ಯ ಯಾರನ್ನೂ ಕೇಳದೆ ನಂಜಪ್ಪನ ಶೆಡ್ಡಿನ ಮುಂದೆ ನಿಲ್ಲಿಸಿದ.

"ಅಲ್ಲಿ ಏಳಿದ್ದನ್ನ ಇಲ್ಲೂ ಏಳಿ ಸಾವ್ಕಾರ್ರೆ. ಕೈ ಕೆಟ್ಟದೆ ಅಂದದ್ದು ಇಲ್ಲೇ ಅಲ್ವಾ."

ಪದ್ಮಯ್ಯ ಇಳಿಯಲಿಲ್ಲ. ಬಾಗಿಲಿನಿಂದಲೇ, ಎಲ್ಲರಿಗೂ ಕೇಳುವಂತೆ, ಲಕ್ಕಯ್ಯನ ಕೈ ನೆಟ್ಟಗಿದೆ, ಆಕ್ಸೆಲ್ ತಿರುಚಿತ್ತು ಎಂದು ಹೇಳಿದ. ನಂಜಪ್ಪ ಹಾಸನದವನು ಕೊಟ್ಟ ಬೆಣೆಯನ್ನು ಬಗ್ಗಿ ನೋಡಿ, ಬೆರಳಲ್ಲಿ ತಟ್ಟಿ, ಒಳಗೆ ಹೋದ. ಲಕ್ಕಯ್ಯನೂ ಅದೇ ಗಟ್ಟಿ ದನಿಯಲ್ಲಿ, ಗಾಡಿ ಎಳೆದದ್ದನ್ನು ಸಾಹುಕಾರರ ವ್ರತದ ಮೇಲೆ ಹಾಕಿದ್ದು ತನ್ನ ತಪ್ಪು ಎಂದ.

"ತಪ್ಪು ಒಪ್ಪಿಕೊಂಡೆಯಲ್ಲ, ಸಂತೋಷ," ಎಂದ ಪದ್ಮಯ್ಯ. "ಆದರೆ ಹೇಳದೆ ಕೇಳದೆ ನನ್ನನ್ನು ಉಪವಾಸ ಕೆಡವಿದವನು ನನಗೆ ಬೇಡ. ಕೀಲಿ ಕೊಡು."

ಕೆಲಸ ಹೋಗುತ್ತದೆಂದು ಲಕ್ಕಯ್ಯನಿಗೆ ನಿನ್ನೆ ಹಾಸನದ ರಸ್ತೆಗೆ ಬಿದ್ದಾಗಲೇ ಗೊತ್ತಿತ್ತು.

"ಕೊಡ್ತೀನಿ. ಜಿನಮ್ಮಾರ್ನ ಮದ್ವೆ ಮನೆ ಬಾಗ್ಲಿಗೆ ಇಳಿಸ್ಬುಟ್ಟು ಕೊಡ್ತೀನಿ. ಈ ಗಾಡಿ ನೆಟ್ಟಗ್ ಓಗೋದ್ನ ನಾಲ್ಕು ಜನ ಮೊದ್ಲು ನೋಡ್ಲಿ."

ಈಗಲೇ ಕೊಡು ಎಂದು ಪದ್ಮಯ್ಯ ಕೈ ಚಾಚಿದ. ಲಕ್ಕಯ್ಯ ಆ ಕೈಯನ್ನು ನೋಡಿದ, ಗೇರು ಹಾಕಿದ, ಬೆಳಗೊಳದ ರಸ್ತೆಗೆ ತಿರುಗಿಸಿದ. ತಿರುವು ಮುಗಿದಾಗ ಸ್ಟೇರಿಂಗ್ ಅವನ ಬೆರಳುಗಳ ನಡುವೆ ತಾನಾಗಿಯೇ ನೆಟ್ಟಗಾಯಿತು.