ಪರ್ಣಮಸೀವಾದದ ಪುಟ

ನಮ್ಮಮ್ಮ ಮಬ್ರೂಕಾ ಸೆಜ್ನಾನ್ ಊರಿನ ಮಣ್ಣಿನ ಗೊಂಬೆಗಾರ್ತಿ. ಆಗಷ್ಟೇ ಸುಟ್ಟು ತೆಗೆದ ಬಿಸಿ ಗೊಂಬೆಗೆ ಕಾಡುಸೊಪ್ಪಿನ ರಸ ಹಚ್ಚಿ ಕಡುಗಪ್ಪು ಗೆರೆ ಎಳೆಯುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಕೆಲವು ವರ್ಷಗಳ ಹಿಂದೆ ಅಂತರ್ಜಾಲದ ವಿಶ್ವಕೋಶಕ್ಕೆ ಅವಳ ಬಗ್ಗೆ ಒಂದು ಪುಟ ಬರೆದಿದ್ದೆ. ನನ್ನ ಹಾಗೆಯೇ ಅಲ್ಲಿ ಬರೆಯುತ್ತಿದ್ದ ರಾಜಧಾನಿ ಟ್ಯೂನಿಸಿನ ಪ್ರೊಫೆಸರ್ ಫೌಜಿ ಅಯ್ಯಾದಿ ಅದನ್ನು ಅಳಿಸಿಹಾಕಿಸಿದ.

"ಈ ಹೆಂಗಸಿನ ಬಗ್ಗೆ ಬೇರೆ ಯಾರೂ ಬರೆದಿಲ್ಲ. ಅಮ್ಮನ ಫೋಟೊ ನೇತುಹಾಕೋಕೆ ಇದೇನು ನಿಮ್ಮನೆ ಗೋಡೆ ಅಲ್ಲಮ್ಮ" ಎಂದು ಎಲ್ಲರಿಗೂ ಕಾಣುವಂತೆ ಬರೆದ. ಅವತ್ತು ನನ್ನ ಹೊಟ್ಟೆಗೆ ಬಿದ್ದ ಬೆಂಕಿ ಆರಲೇ ಇಲ್ಲ.

ಈ ವಸಂತದಲ್ಲಿ ಅದೇ ಮಹಾಶಯ ಒಂದು ಹೊಸ ಪದ ಹಡೆದ: ಪರ್ಣಮಸೀವಾದ. ಅಯ್ಯೋ ನನ್ನ ಕರ್ಮವೇ! ಅಮ್ಮನ ಸೊಪ್ಪಿನ ರಸಕ್ಕೆ ಈತ ಇಟ್ಟ ಹೆಸರು. ಅದರ ಮೇಲೊಂದು ಪುಸ್ತಕ, ವಿಶ್ವಕೋಶದಲ್ಲೊಂದು ಪುಟ. ಯಾರೋ ಆಕ್ಷೇಪ ಎತ್ತಿ ಚರ್ಚೆ ಶುರುವಾಯಿತು. ಆತನ ಶಿಷ್ಯರು ಕುರಿಮಂದೆಯ ಹಾಗೆ ನುಗ್ಗಿ "ಪುಟ ಇರಲಿ, ಇರಲಿ" ಎಂದು ಬರೆದರು. ವಿಶ್ವಕೋಶದಲ್ಲಿ ನಾವು ಎತ್ತಿದ ಕೈ ಎಣಿಸುವುದಿಲ್ಲ, ಬೇರೆಯವರು ಬರೆದ ಆಧಾರ ನೋಡುತ್ತೇವೆ. ಪರರ ಪುಟ ಅಳಿಸುವಾಗ ನೆನಪಿದ್ದ ಈ ನಿಯಮ ಮೇಷ್ಟ್ರಿಗೆ ತನ್ನದಕ್ಕೆ ಮರೆತಿತ್ತು.

"ಆಧಾರ ಎಲ್ಲಿ ಮೇಷ್ಟ್ರೇ?" ತೀರ್ಪು ಹೇಳಬೇಕಿದ್ದ ಹಿರಿಯ ಸಂಪಾದಕಿ ಝುಬೈದಾ ಕೇಳಿದಳು.

"ನನ್ನ ಪುಸ್ತಕ ಇದೆಯಲ್ಲ! ಪತ್ರಿಕೆಯೋರೂ ಬರೆದಿದ್ದಾರೆ, ಓದ್ಕೊಳ್ಳಿ" ಎಂದು ಎಲ್ಲವನ್ನೂ ತಂದು ಸುರಿದ.

ಓದಿದೆ. ಪುಸ್ತಕದಲ್ಲಿ ಇಡೀ ಒಂದು ಅಧ್ಯಾಯ ನಮ್ಮಮ್ಮನ ಬಗ್ಗೆಯೇ. ಅದನ್ನು ಓದಿಯೇ ನಮ್ಮನೆಗೆ ಬಂದುಹೋಗಿದ್ದ ಪತ್ರಿಕೆಯವರು ಅಮ್ಮನ ಬಗ್ಗೆಯೇ ಬರೆದಿದ್ದರು. ಆತನ ಪದವನ್ನು ಒಬ್ಬರೂ ಮುಟ್ಟಿರಲಿಲ್ಲ. ಖುಷಿಗೆ ಕುಣಿದಾಡಿಬಿಟ್ಟೆ.

"ಝುಬೈದಕ್ಕ, ಮಬ್ರೂಕಾ ನನ್ನ ತಾಯಿ, ಅದಕ್ಕೇ ತೀರ್ಮಾನ ನಿಮಗೇ ಬಿಟ್ಟೆ" ಎಂದು ಚರ್ಚೆಯಲ್ಲಿ ಬರೆದೆ. "ಈ ಪದಾನ ಮೇಷ್ಟ್ರು ಬಿಟ್ಟು ಇನ್ನೊಬ್ಬರು ಬಳಸಿಲ್ಲ. ಆದ್ರೆ ಅಮ್ಮನ ಬಗ್ಗೆ ಈಗ ಬೇರೆಯವರು ಬರೆದಿದ್ದಾರೆ. ಮೊದಲು ಬರೆದೋರು ಸಾಕ್ಷಾತ್ ಮೇಷ್ಟ್ರೇ!"

ಝುಬೈದಾ ಎಲ್ಲವನ್ನೂ ಓದಿ ತೀರ್ಪು ಕೊಟ್ಟಳು. ಅಮ್ಮನ ಪುಟ ವಾಪಸು ಬರಬೇಕು. ಪರ್ಣಮಸೀವಾದಕ್ಕೆ ಸ್ವಂತ ಪುಟವಿಲ್ಲ. ಆ ಪದ ಹುಡುಕಿದವರು ನೇರವಾಗಿ ಅಮ್ಮನ ಪುಟಕ್ಕೆ ಹೋಗಲಿ.

ಮರುದಿನ ಆತನ ಫೋನು ಬಂತು. "ಏನಮ್ಮ ಇದು ಅನ್ಯಾಯ? ನನ್ನ ಪದ ಹುಡುಕಿದ್ರೆ ಆ ಹೆಂಗಸಿನ ಫೋಟೊ ಬರ್ತಿದೆ!"

"ಹೌದು ಮೇಷ್ಟ್ರೇ, ನೇತುಹಾಕಿದೀವಿ. ಕೆಳಗೆ ಹೆಸರೂ ಇದೆ. ಸ್ವಲ್ಪ ಗಟ್ಟಿಯಾಗಿ ಓದಿ, ಅಮ್ಮ ಇಲ್ಲೇ ರೊಟ್ಟಿ ತಟ್ತಾ ಇದ್ದಾಳೆ, ಅವಳೂ ಕೇಳಿಸ್ಕೊಳ್ಳಲಿ."