ಸುಟ್ಟ ಎಣ್ಣೆಯ ಮದ್ದು

ಸುರೇಬಾನದ ಬಸ್ ಸ್ಟ್ಯಾಂಡಿನ ಎದುರಿಗೆ ಲಗಮಪ್ಪನ ಟ್ರ್ಯಾಕ್ಟರ್ ಗ್ಯಾರೇಜು. ಅಲ್ಲಿಗೆ ಕೆಟ್ಟ ಟ್ರ್ಯಾಕ್ಟರುಗಳು ಎಷ್ಟು ಬರುತ್ತಿದ್ದವೋ ಹೆಚ್ಚುಕಡಿಮೆ ಅಷ್ಟೇ ನಾಯಿಗಳೂ ಬರುತ್ತಿದ್ದವು. ನಾಯಿ ಅನ್ನ ಬಿಟ್ಟಿದೆ, ನಾಯಿ ಬೊಗಳುವುದಿಲ್ಲ, ಕಂಡಕಂಡವರಿಗೆಲ್ಲ ಬಾಲ ಅಲ್ಲಾಡಿಸುತ್ತದೆ, ಏನೇ ಇರಲಿ, ಜನ ಮೊದಲು ಬರುವುದು ಅವನ ಹತ್ತಿರ. ಅದಕ್ಕೆ ಕಾರಣ ಸರದಾರ. ಇಪ್ಪತ್ತೆರಡು ವರ್ಷದ ಹಿಂದೆ ಲಗಮಪ್ಪ ಮುಧೋಳದ ಕಡೆಯಿಂದ ಮರಿಯಾಗಿ ತಂದು ಸಾಕಿದ್ದ ಬೇಟೆನಾಯಿ. ಕಬ್ಬಿನ ಹೊಲದಿಂದ ನುಗ್ಗಿ ಬಂದ ಕಾಡುಹಂದಿಯನ್ನು ಅದೊಂದೇ ಅಡ್ಡಗಟ್ಟಿ ನಿಲ್ಲಿಸಿ, ಕಳೆ ತೆಗೆಯುತ್ತಿದ್ದ ನಾಲ್ಕು ಹೆಂಗಸರ ಜೀವ ಉಳಿಸಿತ್ತು. ಅಂಥ ನಾಯಿಯನ್ನು ಸಾಕಿದವನಿಗೆ ತಿಳಿಯದ್ದು ಏನಿದ್ದೀತು ಎಂದು ಊರು ತೀರ್ಮಾನಿಸಿತ್ತು. ಲಗಮಪ್ಪನೂ ಹಾಗೇ ತಿಳಿದಿದ್ದ.

ಅವನ ಹತ್ತಿರ ಎಲ್ಲದಕ್ಕೂ ಉತ್ತರವಿತ್ತು. ನಾಯಿ ಖಡಕ್ ಆಗಬೇಕೆಂದರೆ ಹಸಿಮೆಣಸಿನಕಾಯಿ ತಿನ್ನಿಸಿ ಕತ್ತಲೆ ಕೋಣೆಯಲ್ಲಿ ಕಟ್ಟಬೇಕು. ಗಾಯವಾದರೆ ಮುಟ್ಟಬಾರದು, ನಾಯಿಯ ನಾಲಿಗೆಯಲ್ಲೇ ಔಷಧವಿದೆ. ಇಂಜೆಕ್ಷನ್ ಮಾಡಿಸಿದರೆ ಅದರ ಕಸುವು ಇಳಿದುಹೋಗುತ್ತದೆ. ಮನೆಯೊಳಗೆ ಹೊಲಸು ಮಾಡಿದರೆ ಅದರಲ್ಲೇ ಮೂತಿ ತಿಕ್ಕಬೇಕು. ಎಂಜಿನ್ನಿನ ಸದ್ದು ಕೇಳಿಯೇ ಯಾವ ಬೋಲ್ಟು ಸಡಿಲಾಗಿದೆ ಎಂದು ಹೇಳುವ ಮನುಷ್ಯ ಇಂಥ ಮಾತನ್ನು ಅಷ್ಟೇ ಗಟ್ಟಿಯಾಗಿ ಹೇಳಿದರೆ ಯಾರಿಗೆ ಅನುಮಾನ ಬಂದೀತು?

ಶ್ರಾವಣ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಮಂಜುಳಾ ತನ್ನ ನಾಯಿ ಬೆಳ್ಳಿಯನ್ನು ಹಗ್ಗ ಕಟ್ಟಿ ಕರೆತಂದಳು. ಮಂಜುಳಾ ಲಗಮಪ್ಪನ ಮನೆಯಿಂದ ಎರಡು ಮನೆ ಆಚೆಯವಳು. ಮನೆಯಲ್ಲೇ ಹೊಲಿಗೆ ಮಷೀನು ಇಟ್ಟುಕೊಂಡು ಹೆಂಗಸರ ಜಂಪರು ಹೊಲಿಯುತ್ತಿದ್ದಳು. ಗಂಡ ಸದಾಶಿವ ಲಾರಿ ಡ್ರೈವರು, ಹೋದರೆ ಹದಿನೈದು ದಿನ. ಆ ಹದಿನೈದು ದಿನ ಮನೆಯಲ್ಲಿ ಅವಳು ಮತ್ತು ಬೆಳ್ಳಿ, ಇಬ್ಬರೇ.

"ಕಾಕಾ, ಇದರ ಮೈಯೆಲ್ಲಾ ಕಜ್ಜಿ ಆಗೇತ್ರಿ. ಕೆರಕೊಂಡ ಕೆರಕೊಂಡ ರಕ್ತ ಬರಾಕತ್ತೈತಿ. ರಾಮದುರ್ಗದ ದನದ ದವಾಖಾನಿಗೆ ಒಯ್ಯಲೇನ್ರಿ?"

ಲಗಮಪ್ಪ ಕೈಯ ಸ್ಪ್ಯಾನರು ಕೆಳಗಿಟ್ಟು ನಕ್ಕ. "ಕಜ್ಜಿಗೆ ದವಾಖಾನಿ ಯಾಕವಾ? ಅಲ್ಲಿ ಹೋದ್ರ ಸೂಜಿ ಚುಚ್ಚಿ ಕಳಸ್ತಾರ, ಮುಂದ ನಾಯಿ ಕುರಿ ಆಗತೈತಿ." ಅವನು ಒಳಗೆ ಹೋಗಿ, ಎಂಜಿನ್ನುಗಳಿಂದ ಇಳಿಸಿ ಡಬ್ಬಿಯಲ್ಲಿ ಕೂಡಿಟ್ಟಿದ್ದ ಕಪ್ಪು ಎಣ್ಣೆಯನ್ನು ಬಾಟಲಿಗೆ ಸುರಿದುಕೊಂಡು ಬಂದ. "ಸುಟ್ಟ ಆಯಿಲ್. ಮುಂಜಾನಿ, ಸಂಜಿ ತಿಕ್ಕು. ಎಂಟು ದಿನದಾಗ ಹುಳ ಸತ್ತು ಹೊಸಾ ಕೂದಲ ಬರತಾವ. ಸರದಾರಗೂ ನಾ ಇದನ್ನ ಹಚ್ಚತಿದ್ದೆ."

"ನೆಕ್ಕಿದ್ರ ಏನೂ ಆಗೂದಿಲ್ಲೇನ್ರಿ?"

"ನೆಕ್ಕಲಿ ಬಿಡು. ಒಳಗಿನ ಹುಳಾನೂ ಸಾಯತಾವ."

ಬೆಳ್ಳಿ ಅವನ ಬೂಟಿನ ವಾಸನೆ ನೋಡಿ ಬಾಲ ಅಲ್ಲಾಡಿಸಿತು. ಮಂಜುಳಾ ಬಾಟಲಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದಳು.

ಮೂರನೆಯ ದಿನ ಬೆಳ್ಳಿ ರೊಟ್ಟಿ ಮುಟ್ಟಲಿಲ್ಲ. ಮಂಜುಳಾ ಬಂದು ಹೇಳಿದಾಗ ಲಗಮಪ್ಪ, "ಮೈಯಾಗಿನ ಉಷ್ಣ ಹೊರಗ ಬೀಳಾಕತ್ತೈತಿ, ಹೆದರಬ್ಯಾಡ," ಎಂದ. ನಾಲ್ಕನೆಯ ದಿನ ಕಪ್ಪಗೆ ವಾಂತಿ ಮಾಡಿಕೊಂಡಿತು. ಅವನೇ ಹೋಗಿ ನೋಡಿದ. ಮೂಗು ಮುಟ್ಟಿ, ಒಣಗಿದೆ, ಹಾಗಾದರೆ ಜ್ವರ ಎಂದು ಹೇಳಿ, ತನ್ನ ಮೊಣಕಾಲು ನೋವಿಗೆ ನುಂಗುವ ಗುಳಿಗೆಯಲ್ಲಿ ಅರ್ಧ ಮುರಿದು ಬೆಲ್ಲದಲ್ಲಿಟ್ಟು ಅದರ ಗಂಟಲಿಗೆ ತಳ್ಳಿದ. ನಾಯಿ ನುಂಗಿತು. ಅವನು ಏನು ಕೊಟ್ಟರೂ ಅದು ನುಂಗುತ್ತಿತ್ತು.

ಐದನೆಯ ದಿನ ಮುಂಜಾನೆ ಮಂಜುಳಾ ಅವನನ್ನು ಏನೂ ಕೇಳಲಿಲ್ಲ. ಟಂಟಂ ಗಾಡಿ ತಂದು ಬಾಗಿಲಿಗೆ ನಿಲ್ಲಿಸಿ, "ರಾಮದುರ್ಗಕ್ಕ ಒಯ್ಯಾಕತ್ತೇನ್ರಿ ಕಾಕಾ. ಹಿಡಕೊಳ್ಳಾಕ ಒಬ್ರ ಬೇಕು, ಬರ್ರಿ," ಎಂದಳು. ಲಗಮಪ್ಪನಿಗೆ ಇದು ಸರಿಬರಲಿಲ್ಲ. ಆದರೂ ಹತ್ತಿ ಕೂತ. ಡಾಕ್ಟರು ಏನಾದರೂ ಅಂದರೆ ಉತ್ತರ ಕೊಡಲು ತಾನಿರಬೇಕು ಎಂದುಕೊಂಡ. ದಾರಿಯುದ್ದಕ್ಕೂ ಬೆಳ್ಳಿಯ ತಲೆ ಅವನ ತೊಡೆಯ ಮೇಲಿತ್ತು. ಅದರ ಮೈ ಚಳಿ ಹತ್ತಿದ ಹಾಗೆ ಸಣ್ಣಗೆ ನಡುಗುತ್ತಿತ್ತು.

ದವಾಖಾನೆಯಲ್ಲಿದ್ದವಳು ವಯಸ್ಸಾದ ಡಾಕ್ಟರಬಾಯಿ. ಅಂಗೈಯಿಂದ ನಾಯಿಯ ಬೆನ್ನು ಸವರಿ ಮೂಸಿ ನೋಡಿದಳು.

"ಏನ ಹಚ್ಚೀರಿ ಇದಕ್ಕ?"

ಲಗಮಪ್ಪ ಬಾಯಿ ತೆರೆದ. ಮಾತು ಹೊರಡುವ ಮೊದಲೇ ಮಂಜುಳಾ, "ಗಾಡಿ ಆಯಿಲ್ ಹಚ್ಚೇನ್ರಿ," ಎಂದಳು. ಯಾರು ಹೇಳಿದ್ದರು ಎಂದು ಅವಳು ಹೇಳಲಿಲ್ಲ. ಲಗಮಪ್ಪ ತೆರೆದ ಬಾಯಿ ಮುಚ್ಚಿಕೊಂಡ.

"ಗುಳಿಗಿ ಏನರ ಕೊಟ್ಟೀರೇನು?"

"ಕೊಟ್ಟೇನ್ರಿ," ಎಂದಳು. ಅದನ್ನೂ ತನ್ನ ಮೇಲೆಯೇ ಹಾಕಿಕೊಂಡಳು.

ಡಾಕ್ಟರಬಾಯಿ ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿ ಮಾಡಿ ದಣಿದವಳ ಹಾಗಿದ್ದಳು. ಸಲಾಯಿನ್ ಹಚ್ಚುತ್ತ ಹೇಳಿದಳು: "ತಿಂಗಳಿಗೆ ಎರಡು ಮೂರು ಇಂಥಾವ ಬರತಾವ ನಮ್ಮಲ್ಲಿ. ಕಜ್ಜಿಗೆ ಗುಳಿಗಿ ಅದಾವ, ಒಂದ ತಿಂಗಳದಾಗ ಹೋಗತದ. ಈ ಆಯಿಲ್‌ನಾಗ ಇರೋದೆಲ್ಲಾ ವಿಷ. ಚರ್ಮದಾಗಿಂದ ಇಳೀತದ, ನೆಕ್ಕಿದ್ರ ಹೊಟ್ಟಿಗೂ ಹೋಗತದ. ಮೊದಲ ಊಟ ಬಿಡತಾವ. ಕರ್ರಗ ವಾಂತಿ ಮಾಡ್ತಾವ. ಆಮ್ಯಾಲೆ ಮೈ ನಡಗತದ, ಹಿಂಗಾಲು ಎಳಕೊಂಡ ಅಡ್ಡಾಡತಾವ. ಕಡೀಕ ಬಾಯಾಗ ಏನೂ ಇಲ್ಲದ ಅಗೀತಿರತಾವ, ನೋಡ್ರಿ ಹಿಂಗ."

ಲಗಮಪ್ಪ ನೋಡಿದ. ಬೆಳ್ಳಿಯ ದವಡೆ ಬರಿಗಾಳಿಯನ್ನು ಅಗಿಯುತ್ತಿತ್ತು.

ಅವನು ಅದನ್ನು ಮೊದಲೂ ನೋಡಿದ್ದ. ಸರದಾರ ಸಾಯುವ ಹಿಂದಿನ ದಿನ ಬಣವೆಯ ಹತ್ತಿರ ಹಿಂಗಾಲು ಎಳೆಯುತ್ತ ಬಂದು ಅವನ ಕಾಲಬುಡದಲ್ಲಿ ಮಲಗಿ ಹೀಗೇ ಅಗಿದಿತ್ತು. ಬಣವೆಯಲ್ಲಿ ಹಾವಿರುತ್ತದೆ, ಹಾವೇ ಕಚ್ಚಿದೆ ಎಂದು ಅವನು ಊರಿಗೆಲ್ಲ ಹೇಳಿದ. ಊರು ನಂಬಿತು. ಹಾವಿನ ಜೊತೆ ಕಾದಾಡಿ ಸತ್ತ ನಾಯಿ ಎಂದು ಹೇಳುತ್ತ ಹೇಳುತ್ತ ಅವನೂ ನಂಬಿದ. ಹಾವನ್ನು ಯಾರೂ ನೋಡಿರಲಿಲ್ಲ. ಕಚ್ಚಿದ ಗುರುತನ್ನೂ ಯಾರೂ ಹುಡುಕಿರಲಿಲ್ಲ. ಆಗ ಸರದಾರನ ಮೈಗೆ ವಾರದಿಂದ ಆಯಿಲ್ ತಿಕ್ಕುತ್ತಿದ್ದ.

ಅವನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೊರಗೆ ಬಂದು ಬೇವಿನ ಗಿಡದ ಕೆಳಗೆ ಕುಳಿತ. ಸ್ವಲ್ಪ ಹೊತ್ತಿನ ಮೇಲೆ ಮಂಜುಳಾ ಹೊರಬಂದಳು. ಕೈಯಲ್ಲಿ ಬರೀ ಹಗ್ಗವಿತ್ತು.

"ಹೋತ್ರಿ," ಎಂದಳು.

ಊರಿಗೆ ತಂದು ಅವಳ ಹಿತ್ತಲಲ್ಲಿ ಮಣ್ಣು ಮಾಡಿದರು. ಗುಂಡಿ ತೋಡಿದವನು ಲಗಮಪ್ಪ. ಮಂಜುಳಾ ಒಂದು ಹಳೆಯ ಸೀರೆಯ ತುಂಡು ಹೊದಿಸಿದಳು, ಅಳಲಿಲ್ಲ, ಕೈ ತೊಳೆದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಡಾಕ್ಟರಬಾಯಿಯ ಮುಂದೆ ಆಡದೆ ಉಳಿಸಿಕೊಂಡ ಮಾತನ್ನು ಲಗಮಪ್ಪ ಆಗಲಾದರೂ ಆಡಬಹುದಿತ್ತು. ಅವನು ಸಲಿಕೆ ಹೆಗಲಿಗೆ ಹಾಕಿಕೊಂಡು ಮನೆಗೆ ನಡೆದ.

ಹೆಂಡತಿ ಬಾಯವ್ವ ತಾಟಿಗೆ ರೊಟ್ಟಿ ಹಾಕಿದಳು. ಅವನು ಮುರಿಯಲಿಲ್ಲ.

"ಸರದಾರಗ ಹಾವ ಕಡದಿರಲಿಲ್ಲ," ಎಂದ.

ಬಾಯವ್ವ ಒಲೆಯ ಕಡೆ ತಿರುಗಿಯೇ ಇದ್ದಳು. "ನನಗ ಅನಸಿತ್ತರಿ," ಎಂದಳು. "ಮಣ್ಣ ಮಾಡೂ ಮೊದಲ ಅದರ ಮೈ ತೊಳದ ನೀರು ಕುಡದು ಎರಡು ಕೋಳಿ ಸತ್ತಿದ್ವು. ಹೇಳಾಕ ಬಂದೆ. ನೀವು ಕಟ್ಟಿಮ್ಯಾಲೆ ಕುಂತು ಮಂದಿಗೆ ಹಾವಿನ ಕಥಿ ಹೇಳಾಕತ್ತಿದ್ರಿ. ನಡುವ ಹೆಂಗ ಮಾತಾಡ್ಲಿ?"

"ಆಮ್ಯಾಲರ ಹೇಳಬಾರದಾ?"

"ಆಮ್ಯಾಲೆ ಹೇಳಿದ್ರ ನಾಯಿ ಎದ್ದ ಬರತಿತ್ತೇನು? ಮಂದಿಗೂ ಹಚ್ಚಂತ ನೀವು ಹೇಳಾಕತ್ತೀರಿ ಅಂತ ನನಗೇನ ಗೊತ್ತಿತ್ತು? ಗ್ಯಾರೇಜಿಗೆ ನಾ ಬರತೇನೇನು?" ಅವಳು ತಿರುಗಿದಳು. "ಮತ್ತ ಯಾರ್ಯಾರಿಗೆ ಕೊಟ್ಟೀರಿ?"

ಅವನು ಲೆಕ್ಕ ಹಾಕಲು ಹೋಗಿ ನಿಲ್ಲಿಸಿದ. ಸರದಾರನ ಕಾಲದಿಂದ ಎಷ್ಟೋ ವರ್ಷ. ಮಂಜುಳಾಳನ್ನು ಬಿಟ್ಟರೆ ನೆನಪಿದ್ದವರಲ್ಲಿ ತೀರ ಈಚಿನವನು ಮನೋಳಿಯ ಕಡೆಯ ಕುರಿಗಾರ ಅಮೋಘಸಿದ್ದಪ್ಪ. ಹತ್ತು ದಿನದ ಹಿಂದೆ ಅವನ ಎರಡು ಕುರಿನಾಯಿಗಳಿಗೆಂದು ಐದು ಲೀಟರಿನ ಕ್ಯಾನೇ ತುಂಬಿಸಿ ಕೊಟ್ಟಿದ್ದ.

ಮರುದಿನ ಗ್ಯಾರೇಜು ತೆರೆಯದೆ ಲಗಮಪ್ಪ ಬೈಕು ಹತ್ತಿದ. ಮಲಪ್ರಭೆಯ ದಂಡೆಯಲ್ಲಿ ಕುರಿಗಳು ಮೇಯುತ್ತಿದ್ದವು. ದೂರದಿಂದಲೇ ಅಮೋಘಸಿದ್ದಪ್ಪ ಕೋಲೆತ್ತಿ ಕೂಗಿದ.

"ಬರ್ರಿ ಮಿಸ್ತ್ರೀ, ಬರ್ರಿ! ನಿಮ್ಮ ಔಷಧ ಭಾಳ ಚಲೋ ಆತ್ರಿ. ಕೆರಕೊಳ್ಳೂದ ನಿಂತ ಹೋತು."

ಕಂಬಳಿಯ ನೆರಳಿನಲ್ಲಿ ಒಂದು ನಾಯಿ ಮಲಗಿತ್ತು. ಮೈ ಟಾರು ಬಳಿದ ಹಾಗೆ ಮಿಂಚುತ್ತಿತ್ತು. ಕೆರೆದುಕೊಳ್ಳುವುದನ್ನು ನಿಲ್ಲಿಸಿತ್ತು, ನಿಜ. ಲಗಮಪ್ಪ ಹತ್ತಿರ ಹೋದರೂ ಅದು ತಲೆ ಎತ್ತಲಿಲ್ಲ.

"ಉಣತೈತೇನು?"

"ನಿನ್ನೆಯಿಂದ ಒಲ್ಲೆ ಅಂತೈತಿ. ಬಿಸಲಿಗೆ ಇರಬೇಕ ಬಿಡ್ರಿ."

"ಬಿಸಲಲ್ಲೋ, ಆಯಿಲ್! ತೊಳೀಬೇಕು, ಈಗ ತೊಳೀಬೇಕು. ಸಾಬಾಣ ಐತೇನು? ಇನ್ನೊಂದು ನಾಯಿ ಎಲ್ಲಿ?"

ಅಮೋಘಸಿದ್ದಪ್ಪ ಅವನ ಮುಖವನ್ನೇ ನೋಡಿದ. "ತೊಳೀಬ್ಯಾಡ, ಎಂಟು ದಿನ ನೀರ ತೋರಿಸಬ್ಯಾಡ ಅಂತ ಹೇಳಿದವರ ನೀವು."

"ನಾ ಹೇಳಿದ್ದು ತಪ್ಪು."

"ಅದೆಂಗ ತಪ್ಪಾಗತೈತ್ರಿ? ಕೆರತ ನಿಂತೈತಿ, ನನ್ನ ಕಣ್ಣಿಲೆ ನೋಡೇನಿ. ಯಾವನೋ ಡಾಕ್ಟರ ನಿಮ್ಮ ತಲ್ಯಾಗ ಏನೋ ತುಂಬ್ಯಾನ. ಸರದಾರನ್ನ ಸಾಕಿದವರು ನೀವು, ಡಾಕ್ಟರ ಮಾತ ಕೇಳತೀರೇನು?"

ಆಯಿಲ್ ಹಚ್ಚು ಎಂದು ಹೇಳಿದ ದಿನ ಈ ಮನುಷ್ಯ ಒಂದೇ ಒಂದು ಪ್ರಶ್ನೆ ಕೇಳಿರಲಿಲ್ಲ. ಈಗ ಒಂದು ಮಾತನ್ನೂ ಒಪ್ಪುತ್ತಿಲ್ಲ.

"ಸರದಾರನ್ನ ನಾನ ಕೊಂದೆ," ಎಂದ. "ಹಾವಲ್ಲ. ಇದ ಆಯಿಲ್. ನಿನ್ನೆ ನಮ್ಮ ಓಣ್ಯಾಗ ಮಂಜುಳಾನ ನಾಯಿ ಸತ್ತೈತಿ, ಅದೂ ನನ್ನ ಕೈಲೆ. ನಾ ಕಾಲ ಬೀಳತೇನಿ, ಇದನ್ನ ತೊಳ್ಯಾಕ ಕೊಡಪಾ."

ಕುರಿಗಾರ ಕೋಲು ಊರಿ ಬಗ್ಗಿ ನಾಯಿಯ ಮುಖ ನೋಡಿದ. ಆಮೇಲೆ ಹೆಂಡತಿ ಕೆಂಪವ್ವನನ್ನು ಕೂಗಿ ಪಾತ್ರೆ ತಿಕ್ಕುವ ಸಾಬಾಣ ತರಿಸಿದ. ಕ್ಯಾನಿನಲ್ಲಿ ಉಳಿದಿದ್ದನ್ನು ಲಗಮಪ್ಪ ಬೈಕಿಗೆ ಬಿಗಿದು ಕಟ್ಟಿಕೊಂಡ. ನದಿಯಿಂದ ಕೊಡದಲ್ಲಿ ನೀರು ತಂದು, ದಂಡೆಯಿಂದ ದೂರ, ಒಣನೆಲದ ಮೇಲೆ ನಾಯಿಯನ್ನು ತೊಳೆದರು. ಒಂದು ಸಲ, ಎರಡು ಸಲ, ನಾಲ್ಕು ಸಲ. ನೊರೆ ಕಪ್ಪಗೇ ಇಳಿಯುತ್ತಿತ್ತು. ಐದನೆಯ ಸಲಕ್ಕೆ ಅಡಿಯಿಂದ ಕಂದು ಕೂದಲು, ಅದರ ಕೆಳಗೆ ಕೆಂಪಗೆ ಬೆಂದ ಚರ್ಮ ಕಾಣಿಸಿತು.

"ರಾಮದುರ್ಗ ದೂರ ಆಗತೈತಿ. ಸವದತ್ತಿಗೆ ಒಯ್ಯಿ, ಇವತ್ತ ಒಯ್ಯಿ. ಆಯಿಲ್ ಹಚ್ಚಿದ್ದು ಮುಚ್ಚಿಡಬ್ಯಾಡ. ಕೊಟ್ಟವನು ಯಾರಂತ ಕೇಳಿದ್ರ ನನ್ನ ಹೆಸರ ಹೇಳು. ಇನ್ನೊಂದ ನಾಯಿ?"

"ಅದನ್ನ ನಮ್ಮ ಮಾವನ ಮಗ ಕುರಿ ಜೋಡಿ ಒಯ್ದಾನ್ರಿ, ಬೈಲಹೊಂಗಲದ ಕಡೆ. ಅವನ ಕಡೆ ಫೋನಿಲ್ಲ." ಅಮೋಘಸಿದ್ದಪ್ಪ ಮತ್ತೆ ಹೇಳಿದ. "ಅರ್ಧ ಆಯಿಲ್ಲೂ ಅವನ ಒಯ್ದಾನ. ದಾರ್ಯಾಗ ಕಂಡ ಕುರಿಗಾರರಿಗೆಲ್ಲಾ ಕೊಡತೇನಿ ಅಂದಿದ್ದ. ಮಿಸ್ತ್ರಿ ಔಷಧ ಅಂತ."

ಯಾವ ದಾರಿ ಹಿಡಿದಿರಬಹುದು ಎಂದು ಕೇಳಿಕೊಂಡು ಲಗಮಪ್ಪ ಬೈಲಹೊಂಗಲದ ರಸ್ತೆಯಲ್ಲಿ ಮಧ್ಯಾಹ್ನದವರೆಗೂ ಅಲೆದ. ಎರಡು ಹಿಂಡು ಸಿಕ್ಕವು, ಎರಡೂ ಬೇರೆಯವರವು. ಒಬ್ಬ ಕುರಿಗಾರ ಅವನ ಮಾತನ್ನೆಲ್ಲ ಕೇಳಿ, "ಆಯಿಲ್ ಚಲೋ ಅಂತಾರಲ್ರಿ ಎಲ್ಲಾರೂ. ಸುರೇಬಾನದಾಗ ಒಬ್ಬಾವ ಭಾಳ ತಿಳಕೊಂಡಾವ ಅದಾನಂತ, ಅವನ ಹೇಳ್ಯಾನಂತ," ಎಂದ. ಆ ತಿಳಿದವನು ನಾನೇ ಎಂದು ಲಗಮಪ್ಪ ಹೇಳಿದ. ಕುರಿಗಾರ ಅವನನ್ನು ಮೇಲಿಂದ ಕೆಳಗೆ ನೋಡಿ ನಕ್ಕು, ಕುರಿ ಹೊಡೆದುಕೊಂಡು ಮುಂದೆ ಹೋದ.

ಊರು ಸೇರುವಾಗ ಹೊತ್ತು ಇಳಿದಿತ್ತು. ಅವನು ಮನೆಗೆ ಹೋಗದೆ ಮಂಜುಳಾಳ ಬಾಗಿಲಿಗೆ ಹೋದ. ಒಳಗೆ ಹೊಲಿಗೆ ಮಷೀನಿನ ಸದ್ದು ಕೇಳುತ್ತಿತ್ತು. ಅವನನ್ನು ನೋಡಿ ಅವಳು ಮಷೀನು ನಿಲ್ಲಿಸಿದಳು, ಏಳಲಿಲ್ಲ.

"ಡಾಕ್ಟರಬಾಯಿ ಮುಂದ ನಾ ಹೇಳಬೇಕಾಗಿತ್ತವಾ. ಹೇಳಲಿಲ್ಲ. ಆಯಿಲ್ ನಂದು, ಗುಳಿಗಿ ನಂದು."

"ಹೌದ್ರಿ," ಎಂದಳು ಮಂಜುಳಾ.

ಅವಳು ಬಟ್ಟೆಯ ಅಂಚು ಮಡಚುತ್ತ, ತಲೆ ಎತ್ತದೆ ಹೇಳಿದಳು: "ನೀವು ಕೆಟ್ಟವರಲ್ಲ, ನನಗ ಗೊತ್ತೈತಿ. ಮೊದಲ ದಿನ ದವಾಖಾನಿಗೆ ಒಯ್ಯಲೇನ್ರಿ ಅಂತ ಕೇಳಿದ್ದೆ ನಾ. ನೀವು ನಕ್ಕಿದ್ರಿ. ನಾ ಒಯ್ಯಲಿಲ್ಲ. ಆ ನಗಿ ಕಿವ್ಯಾಗಿಂದ ಹೋಗವಲ್ಲದು." ಮಡಚಿದ ಅಂಚನ್ನು ಸೂಜಿಯ ಕೆಳಗೆ ಇಟ್ಟಳು. "ಸ್ವಲ್ಪ ದಿನ ನಮ್ಮ ಮನಿಗೆ ಬರಬ್ಯಾಡ್ರಿ ಕಾಕಾ."

ಲಗಮಪ್ಪ ಆಗಲಿ ಎಂದ. ಚಪ್ಪಲಿ ಮೆಟ್ಟಿಕೊಂಡು ಓಣಿಗೆ ಇಳಿದ. ಅವನು ತನ್ನ ಮನೆಯ ಬಾಗಿಲು ಮುಟ್ಟುವವರೆಗೂ ಮಷೀನು ಮತ್ತೆ ಶುರುವಾಗಲಿಲ್ಲ.