ದಿನಕ್ಕೆ ಹದಿಮೂರು ಗ್ರಾಂ

ಸೋಮವಾರ ಬೆಳಿಗ್ಗೆ ಡಬ್ಬಿಯ ತೂಕ ಎಂಟುನೂರ ಹನ್ನೆರಡು ಗ್ರಾಂ ಇತ್ತು. ಮಂಗಳವಾರ ಏಳುನೂರ ತೊಂಬತ್ತೊಂಬತ್ತು. ಬುಧವಾರ ಏಳುನೂರ ಎಂಬತ್ತಾರು. ಅಂದು ನಾನು ಡಿಜಿಟಲ್ ತಕ್ಕಡಿಯನ್ನು ಅಡುಗೆಮನೆಯ ಕಟ್ಟೆಯಿಂದ ನೆಲಕ್ಕೆ ಇಳಿಸಿ, ಅದರ ಮೇಲೆ ಒಡೆಯದ ಒಂದು ಕೆಜಿ ಉಪ್ಪಿನ ಪ್ಯಾಕೆಟ್ ಇಟ್ಟು ನೋಡಿದೆ. ನಾಲ್ಕು ಗ್ರಾಂ ಹೆಚ್ಚು ತೋರಿಸಿತು. ಪ್ಲಾಸ್ಟಿಕ್ಕಿನ ತೂಕ ಕಳೆದರೆ ತಕ್ಕಡಿ ಸರಿಯಾಗಿಯೇ ಇತ್ತು. ದಿನಕ್ಕೆ ಹದಿಮೂರು ಗ್ರಾಂ ರಾಗಿ ಸರಿ ಹಿಟ್ಟು ಆ ಡಬ್ಬಿಯಿಂದ ಹೋಗುತ್ತಿತ್ತು. ಅದನ್ನು ಮಾಡಿಟ್ಟಿದ್ದು ನನ್ನ ಮಗಳು ಸಿಂಧುವಿಗೆ ಗಂಜಿ ಕಾಯಿಸಲೆಂದು. ಅವಳಿಗೆ ಆರು ತಿಂಗಳು ತುಂಬಲು ಇನ್ನೂ ಮೂರು ವಾರ ಬಾಕಿ ಇತ್ತು.

ತೂಗುವ ಕೆಲಸವನ್ನು ನಾನು ಅತ್ತೆ ಕಾಮಾಕ್ಷಮ್ಮ ಡೈರಿಗೆ ಹಾಲು ಹಾಕಲು ಹೋದಾಗ ಮಾಡುತ್ತಿದ್ದೆ. ದುದ್ದದಲ್ಲಿ ನಮ್ಮ ಮನೆಯಿಂದ ಡೈರಿಗೆ ಹೋಗಿ ಬರಲು ಅವರಿಗೆ ಇಪ್ಪತ್ತು ನಿಮಿಷ ಬೇಕು. ದಾರಿಯಲ್ಲಿ ಯಾರಾದರೂ ಸಿಕ್ಕರೆ ನಲವತ್ತು. ಇಷ್ಟು ಲೆಕ್ಕ ಹಾಕಿ ಅವರ ಬೆನ್ನ ಹಿಂದೆ ಡಬ್ಬಿ ತೂಗುವುದು ನನಗೇನೂ ಹೆಮ್ಮೆಯ ವಿಷಯವಾಗಿರಲಿಲ್ಲ. ಆದರೆ ಕಾರಣವಿತ್ತು.

ನಾನು ಹಾಸನದ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಹೆರಿಗೆ ರಜೆ ಇಪ್ಪತ್ತಾರು ವಾರ. ಸಿಂಧು ಹುಟ್ಟಿದ್ದು ಡಿಸೆಂಬರ್ ಹತ್ತಕ್ಕೆ. ರಜೆ ಮುಗಿಯುವುದು ಜೂನ್ ಹತ್ತಕ್ಕೆ. ಅಂದೇ ಅವಳಿಗೆ ಆರು ತಿಂಗಳು ತುಂಬುತ್ತದೆ. ಅಂದರೆ ಮಗುವಿಗೆ ಗಟ್ಟಿ ಆಹಾರ ಶುರುವಾಗುವ ದಿನವೇ ನಾನು ಅವಳನ್ನು ಅತ್ತೆಯ ಕೈಗೆ ಕೊಟ್ಟು ಬಸ್ಸು ಹತ್ತಬೇಕು. ಏನು ಕೊಟ್ಟರು, ಎಷ್ಟು ಕೊಟ್ಟರು, ಕಕ್ಕಿದಳೇ ಎನ್ನುವುದೆಲ್ಲ ಸಂಜೆ ಅವರ ಬಾಯಿಂದಲೇ ನನಗೆ ತಿಳಿಯಬೇಕು. ಚನ್ನರಾಯಪಟ್ಟಣದಲ್ಲಿರುವ ನನ್ನ ತಾಯಿಗೆ ಮಂಡಿ ಆಪರೇಷನ್ ಆಗಿ ಎರಡು ತಿಂಗಳು. ಅವರನ್ನು ಕೇಳುವ ಹಾಗಿರಲಿಲ್ಲ. ಅತ್ತೆಯ ಮಾತನ್ನು ನಂಬಬಹುದೇ ಇಲ್ಲವೇ ಎನ್ನುವುದು ಜೂನ್ ಹತ್ತರೊಳಗೆ ನನಗೆ ಗೊತ್ತಾಗಬೇಕಿತ್ತು.

ನಮ್ಮಿಬ್ಬರ ನಡುವಿನ ತಕರಾರು ಏಪ್ರಿಲ್ ತಿಂಗಳದ್ದು. ಅತ್ತೆಯ ಪ್ರಕಾರ ಹೆಣ್ಣುಮಕ್ಕಳಿಗೆ ಬೆಸ ತಿಂಗಳಲ್ಲಿ ಅನ್ನ ಮುಟ್ಟಿಸಬೇಕು. ಐದರಲ್ಲಿ ಶುರುಮಾಡಿದರೆ ಒಳ್ಳೆಯದು, ತಪ್ಪಿದರೆ ಏಳು. ಆರು ಗಂಡುಮಕ್ಕಳ ತಿಂಗಳು. ಅವರು ಐದನೇ ತಿಂಗಳಿಗೆಂದು ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹುರಿದು, ಗಿರಣಿಯಲ್ಲಿ ಬೇರೆ ಹಿಟ್ಟು ಸೇರುತ್ತದೆ ಎಂದು ಮನೆಯಲ್ಲೇ ಬೀಸಿ, ಪಾತ್ರೆಯ ಬಾಯಿಗೆ ಹಳೆಯ ತೆಳು ಬಟ್ಟೆ ಕಟ್ಟಿ ಅದರ ಮೇಲೆ ಹಿಟ್ಟನ್ನು ಕೈಯಾಡಿಸಿ ಸೋಸಿದ್ದರು. ಮೂರು ದಿನದ ಕೆಲಸ. ನಾನು ಬೇಡವೆಂದೆ. ಹಾಸನದ ಡಾಕ್ಟರು ಹೇಳಿದ್ದನ್ನು ಒಂದೊಂದಾಗಿ ವಿವರಿಸಿದೆ: ಕತ್ತು ನಿಲ್ಲಬೇಕು, ಆಸರೆ ಕೊಟ್ಟರೆ ಕೂರಬೇಕು, ಚಮಚ ಇಟ್ಟರೆ ನಾಲಿಗೆ ಅದನ್ನು ಹೊರಗೆ ತಳ್ಳಬಾರದು, ಆರು ತಿಂಗಳು ತುಂಬುವವರೆಗೆ ಎದೆಹಾಲೇ ಸಾಕು. ಮಗುವಿನ ತೂಕ ಕಡಿಮೆ ಎಂದು ಅತ್ತೆ ಹೇಳಿದರು. ಕಡಿಮೆಯೇ, ಆದರೆ ತನ್ನ ಗೆರೆಯ ಮೇಲೆಯೇ ಏರುತ್ತಿದೆ ಎಂದು ನಾನು ಚಾರ್ಟ್ ತೋರಿಸಿದೆ. ಅವರು ಚಾರ್ಟನ್ನು ಸ್ವಲ್ಪ ಹೊತ್ತು ನೋಡಿ, ‘ಆಯ್ತು ಬುಡವ್ವ, ನಿನ್ ಕೂಸು, ನಿನ್ ಇಷ್ಟ’ ಎಂದು ಡಬ್ಬಿಯ ಮುಚ್ಚಳ ಹಾಕಿದರು.

ಕಾಮಾಕ್ಷಮ್ಮ ಅಷ್ಟು ಬೇಗ ಯಾವುದನ್ನೂ ಒಪ್ಪಿಕೊಂಡವರಲ್ಲ. ನನಗೆ ಅನುಮಾನ ಹುಟ್ಟಿದ್ದು ಅಲ್ಲಿಂದಲೇ.

ಮೇ ತಿಂಗಳಲ್ಲಿ ಒಂದೊಂದೇ ಸಂಗತಿ ಸೇರಿಕೊಂಡಿತು. ಮಗುವಿಗೆ ನೀರು ಹಾಕಲು ಬರುವ ಮುದ್ದಮ್ಮ ಒಂದು ದಿನ ಸಿಂಧುವಿನ ತೊಡೆ ನೀವುತ್ತಾ, ಏನು ಸರಿ ಗಿರಿ ಉಣ್ಣಿಸ್ತಾ ಇದ್ದೀರಾ, ಕೂಸು ಮೈ ಹಿಡಿದೈತೆ ಎಂದಳು. ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಸೀಗೆಪುಡಿ ತರಲು ಒಳಗೆ ಹೋದರು. ಆ ವಾರವೇ ನಾನು ಖಾಲಿ ಚಮಚವೊಂದನ್ನು ಸಿಂಧುವಿನ ಮುಂದೆ ಹಿಡಿದೆ, ನಾಲಿಗೆ ತಳ್ಳುತ್ತದೆಯೋ ನೋಡೋಣ ಎಂದು. ಅವಳು ತಳ್ಳಲಿಲ್ಲ. ಚಮಚ ಹತ್ತಿರ ಬರುವ ಮುಂಚೆಯೇ ಬಾಯಿ ತೆರೆದಳು, ಇದೆಲ್ಲ ಮೊದಲೇ ಗೊತ್ತಿರುವವಳ ಹಾಗೆ.

ಆಮೇಲೆ ಎದೆಬಟ್ಟೆ. ಶನಿವಾರ ಸಂಜೆ ಸಿಂಧುವಿನ ಕತ್ತಿಗೆ ಕಟ್ಟಿದ್ದ ಬಿಳಿ ಬಟ್ಟೆಯ ಅಂಚಿನಲ್ಲಿ ಹೆಬ್ಬೆರಳಿನಷ್ಟು ಕಂದು ಕಲೆ ಇತ್ತು. ಗಾಯಕ್ಕೆ ಹಚ್ಚುವ ಅಯೋಡಿನ್ ದ್ರಾವಣ ಮನೆಯಲ್ಲಿತ್ತು. ಒಂದು ಹನಿ ಕಲೆಯ ಮೇಲೆ, ಒಂದು ಹನಿ ಅದೇ ಬಟ್ಟೆಯ ಸ್ವಚ್ಛ ಭಾಗದ ಮೇಲೆ ಹಾಕಿದೆ. ಸ್ವಚ್ಛ ಭಾಗದಲ್ಲಿ ಅದು ಹಾಗೇ ಕಂದಾಗಿ ಉಳಿಯಿತು. ಕಲೆಯ ಮೇಲೆ ಕಡುನೀಲಿಯಾಯಿತು. ಪಿಷ್ಟ. ಹಾಲಿನ ಕಲೆ ಹೀಗೆ ಆಗುವುದಿಲ್ಲ. ಹತ್ತು ವರ್ಷದಿಂದ ಮೊದಲ ಪಿಯುಸಿ ಮಕ್ಕಳಿಗೆ ನಾನು ಮಾಡಿಸುವ ಪ್ರಯೋಗ ಅದು.

ನನ್ನ ಗಂಡ ಶಶಿಕುಮಾರ್ ಗೊರೂರಿನಲ್ಲಿ ಅಣೆಕಟ್ಟೆಯ ಸೆಕ್ಷನ್ ಆಫೀಸಿನಲ್ಲಿ ಕೆಲಸ ಮಾಡುತ್ತಾರೆ. ಅವರಿಗೆ ಬಟ್ಟೆ ತೋರಿಸಿದೆ. ಅವರು ಮೊದಲು ನಕ್ಕರು. ನಮ್ಮಮ್ಮನ ಮೇಲೆ ಆಸಿಡ್ ಟೆಸ್ಟ್ ಒಂದು ಬಾಕಿ ಇತ್ತು ಎಂದರು. ನಾನು ನಗದಿದ್ದಾಗ, ನೇರವಾಗಿ ಕೇಳಿಬಿಡು ಎಂದರು. ಕೇಳಿದರೆ ಇಲ್ಲ ಎನ್ನುತ್ತಾರೆ, ಆಮೇಲೆ ಇನ್ನೂ ಹುಷಾರಾಗುತ್ತಾರೆ ಎಂದೆ. ‘ನೀನು ಅತ್ತೆ ವಿಷ್ಯ ಮಾತಾಡ್ತಿದ್ದೀಯೋ ಕಳ್ಳನ ವಿಷ್ಯಾನೋ’ ಎಂದು ಕೇಳಿ ಅವರು ಸ್ನಾನಕ್ಕೆ ಹೋದರು.

ಸೋಮವಾರದಿಂದ ನಾನು ಡಬ್ಬಿ ತೂಗಲು ಶುರುಮಾಡಿದೆ.

ಒಂದು ಮಾತು ಇಲ್ಲಿ ಹೇಳಬೇಕು. ಬಾಣಂತನದಲ್ಲಿ ಅತ್ತೆ ಮಾಡಿಟ್ಟ ಅಂಟಿನುಂಡೆ, ಲೇಹ್ಯ ಯಾವುದನ್ನೂ ನಾನು ಹೆಚ್ಚು ತಿಂದಿರಲಿಲ್ಲ. ಅದರಲ್ಲಿ ಏನೇನು ಎಷ್ಟೆಷ್ಟು ಇದೆ ಎಂದು ಕೇಳಿದರೆ ಅವರಿಗೆ ಹೇಳಲು ಬರುತ್ತಿರಲಿಲ್ಲ; ಕೈಯಳತೆ ಎನ್ನುತ್ತಿದ್ದರು. ನಾನು ಕುಡಿಯುತ್ತಿದ್ದುದು ಶಶಿ ಹಾಸನದಿಂದ ತರುವ ರಾಗಿ ಮಾಲ್ಟ್. ಪ್ಯಾಕೆಟ್ಟಿನ ಹಿಂದೆ ಎಲ್ಲವೂ ಅಂಕಿಗಳಲ್ಲಿ ಬರೆದಿರುತ್ತಿತ್ತು. ಅತ್ತೆ ಅದನ್ನು ಸ್ಟೀಲ್ ಜಾಡಿಗೆ ಸುರಿದಿಟ್ಟುಕೊಂಡು ದಿನಾ ನಾಲ್ಕು ಗಂಟೆಗೆ ಹಾಲಿನಲ್ಲಿ ಕಾಯಿಸಿ ಕೊಡುತ್ತಿದ್ದರು. ಈ ಸಲದ್ದು ಸಿಹಿ ಕಡಿಮೆ, ಚೆನ್ನಾಗಿದೆ ಎಂದು ಮೇ ಮೊದಲ ವಾರ ನಾನೇ ಹೇಳಿದ್ದೆ. ಅವರು ಬೆನ್ನು ತಿರುಗಿಸಿಕೊಂಡೇ, ಹೂಂ, ಚೆನ್ನಾಗೈತೆ ಎಂದಿದ್ದರು.

ಶುಕ್ರವಾರ ಕಾಲೇಜಿಗೆ ಪತ್ರ ಕೊಡಲು ಹೋಗಬೇಕಿತ್ತು. ಹಿಂಡಿಟ್ಟ ಹಾಲು ಎರಡು ಬಾಟಲಿ ಫ್ರಿಜ್ಜಿನಲ್ಲಿಟ್ಟು, ಐದು ಗಂಟೆಯ ಬಸ್ಸಿಗೆ ಬರುತ್ತೇನೆ ಎಂದು ಹೇಳಿ ಹೊರಟೆ. ಅದು ಸುಳ್ಳು. ಪತ್ರ ಕೊಟ್ಟು, ಕಾಲೇಜಿನ ಹಿಂದಿನ ಬೀದಿಯಲ್ಲಿದ್ದ ಡೇ ಕೇರ್ ಒಂದಕ್ಕೆ ಹೋದೆ. ಎರಡು ಕೋಣೆ, ಒಂಬತ್ತು ಮಕ್ಕಳು, ಇಬ್ಬರು ಹೆಂಗಸರು. ಗೋಡೆಯ ಮೇಲೆ ಯಾವ ಮಗುವಿಗೆ ಎಷ್ಟು ಗಂಟೆಗೆ ಏನು ಎಂದು ಬರೆದ ಬೋರ್ಡು. ಬೋರ್ಡು ನನಗೆ ಹಿಡಿಸಿತು. ಕಿಟಕಿಯ ಹತ್ತಿರ ಒಂದು ಮಗು ಅಳುತ್ತಿತ್ತು. ನಾನು ಅಲ್ಲಿದ್ದ ಹದಿನೈದು ನಿಮಿಷವೂ ಅದನ್ನು ಯಾರೂ ಎತ್ತಿಕೊಳ್ಳಲಿಲ್ಲ. ಆದರೂ ಫಾರಂ ಇಸಿದುಕೊಂಡು ಬ್ಯಾಗಿನಲ್ಲಿಟ್ಟೆ. ಎರಡೂವರೆಯ ಬಸ್ಸು ಹಿಡಿದೆ.

ದುದ್ದದಲ್ಲಿ ಇಳಿದು ಮುಂಬಾಗಿಲಿಗೆ ಹೋಗಲಿಲ್ಲ. ಹಿತ್ತಲಿನಿಂದ, ತೆಂಗಿನ ಮರಗಳ ಕಡೆಯಿಂದ ಬಂದೆ. ಚಪ್ಪಲಿಯನ್ನು ಒಗೆಯುವ ಕಲ್ಲಿನ ಹತ್ತಿರ ಬಿಟ್ಟೆ. ಅಡುಗೆಮನೆಯ ಹಿಂಬಾಗಿಲು ಅರ್ಧ ತೆರೆದಿತ್ತು. ಅತ್ತೆ ಒಲೆಯ ಮುಂದೆ ನಿಂತು ಸಣ್ಣ ಪಾತ್ರೆಯಲ್ಲಿ ಏನನ್ನೋ ತಿರುವುತ್ತಿದ್ದರು. ಅವರ ಪಕ್ಕದಲ್ಲಿ ಡಬ್ಬಿ, ಮುಚ್ಚಳ ತೆಗೆದಿತ್ತು. ನಡುಮನೆಯಲ್ಲಿ ಸಿಂಧು ಎದ್ದಿದ್ದಳು. ತೊಟ್ಟಿಲಲ್ಲಿ ತನ್ನಷ್ಟಕ್ಕೆ ತಾನು ಏನೋ ಹೇಳಿಕೊಳ್ಳುತ್ತಿದ್ದಳು.

ನಾನು ಒಳಗೆ ಹೋಗಲಿಲ್ಲ. ಬಟ್ಟಲಿಗೆ ಸುರಿಯಲಿ, ಚಮಚ ತೆಗೆದುಕೊಳ್ಳಲಿ, ತೊಟ್ಟಿಲ ಹತ್ತಿರ ಹೋಗಲಿ ಎಂದು ಕಾದೆ. ಅವರು ಬಾಯಿ ಬಿಟ್ಟು ಇಲ್ಲ ಎನ್ನಲಾಗದ ಹಾಗೆ ಹಿಡಿಯಬೇಕು ಎಂದು ಕಾದೆ.

ಅತ್ತೆ ಬೆಲ್ಲದ ಪುಡಿ ಹಾಕಿದರು. ಏಲಕ್ಕಿ ಜಜ್ಜಿ ಹಾಕಿದರು. ಕೆಳಗಿಳಿಸಿ, ಕಪಾಟಿನಿಂದ ದೊಡ್ಡ ಸ್ಟೀಲ್ ಲೋಟ ತೆಗೆದರು. ನನ್ನ ಮದುವೆಯಲ್ಲಿ ತವರಿನವರು ‘ಅನುಶ್ರೀ’ ಎಂದು ಹೆಸರು ಕೊರೆಸಿ ಕೊಟ್ಟ ಲೋಟ. ಪಾತ್ರೆಯಲ್ಲಿದ್ದುದನ್ನೆಲ್ಲ ಅದಕ್ಕೆ ಬಗ್ಗಿಸಿ, ಮೇಲೆ ತಟ್ಟೆ ಮುಚ್ಚಿ, ಪಾತ್ರೆ ತೊಳೆದಿಟ್ಟು, ಬರಿಗೈಯಲ್ಲಿ ಮಗುವಿನ ಹತ್ತಿರ ಹೋದರು.

ನಾನು ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ. ಅವರು ಸಿಂಧುವನ್ನು ಎತ್ತಿಕೊಂಡು ವಾಪಸ್ಸು ಬಂದಾಗ ಬಾಗಿಲಲ್ಲಿ ನನ್ನನ್ನು ಕಂಡರು. ಬೆಚ್ಚಿದರು, ಆಮೇಲೆ ನನ್ನ ಬರಿಗಾಲನ್ನು ನೋಡಿದರು.

‘ಹಿಂದ್ಗಡಿಂದ ಯಾಕ್ ಬಂದೆ?’

‘ಅತ್ತೆ, ಅದು ಯಾರಿಗೆ?’

‘ನಿಂಗೇ ಕಣವ್ವ. ನಿನ್ ಲೋಟ ಅಲ್ವಾ ಅದು? ಐದ್ ಗಂಟೆಗ್ ಬತ್ತೀನಿ ಅಂದಿದ್ದೆ, ಆಮ್ಯಾಕೆ ಕೊಟ್ಟಿಗೆ ಕೆಲ್ಸ ಐತೆ ಅಂತ ಈಗ್ಲೇ ಮಾಡ್ದೆ.’

‘ಅದು ಮಗು ಹಿಟ್ಟು.’

ಅವರು ಡಬ್ಬಿಯನ್ನು ನೋಡಿದರು. ಮುಚ್ಚಿಡುವ ಪ್ರಯತ್ನವನ್ನೇನೂ ಮಾಡಲಿಲ್ಲ.

‘ಡಾಕ್ಟ್ರು ಮಗೀಗೆ ಬ್ಯಾಡ ಅಂದ್ರು. ನಿಂಗೂ ಬ್ಯಾಡ ಅಂದ್ರಾ?’

ಅಂಗಡಿಯ ಮಾಲ್ಟ್ ಏಪ್ರಿಲ್ ಕೊನೆಗೇ ಮುಗಿದಿತ್ತಂತೆ. ಅದರಲ್ಲಿ ಅರ್ಧ ಸಕ್ಕರೆ, ಕುಡಿದೂ ನೀನು ಹಾಗೇ ಒಣಗಿ ಹೋಗುತ್ತಿದ್ದೀಯ, ನಿನಗೆ ಹಾಲು ಬರದಿದ್ದರೆ ಮಗುವಿನ ತೂಕ ಎಲ್ಲಿಂದ ಏರಬೇಕು ಎಂದರು. ಆರು ತಿಂಗಳವರೆಗೆ ಎದೆಹಾಲೇ ಅಂತಾದರೆ ಸರಿ ಹಿಟ್ಟು ತಾಯಿಯ ಹೊಟ್ಟೆಯ ಮೂಲಕವೇ ಹೋಗಲಿ ಎಂದು ಅವರು ತೀರ್ಮಾನಿಸಿದ್ದರು. ಹೇಳಿದ್ದರೆ ನೀನು ಕುಡಿಯುತ್ತಿದ್ದೆಯಾ ಎಂದು ಕೇಳಿದರು. ದಿನಕ್ಕೆ ಎಷ್ಟು ಹಾಕುತ್ತೀರಿ ಎಂದು ನಾನು ಕೇಳಿದೆ. ದೊಡ್ಡ ಚಮಚದಲ್ಲಿ ಒಂದು, ಮೇಲೆ ಸವರಿ ಮಟ್ಟ ಮಾಡಿ. ಹದಿಮೂರು ಗ್ರಾಂ ಆಗುತ್ತದೆ. ನಾಲ್ಕು ದಿನ ನಾನು ಬೆಳಿಗ್ಗೆ ತೂಗಿ ಬರೆದುಕೊಂಡು, ಸಂಜೆ ನಾನೇ ಅದನ್ನು ಕುಡಿದು ಮುಗಿಸಿದ್ದೆ.

ಆದರೂ ಅನುಮಾನ ಅಷ್ಟಕ್ಕೇ ಬಿಡಲಿಲ್ಲ. ಎದೆಬಟ್ಟೆಯ ಕಲೆ ಇನ್ನೂ ಉಳಿದಿತ್ತು. ಅದನ್ನು ಕೇಳಿಯೇಬಿಟ್ಟೆ. ಅತ್ತೆ ಸಿಂಧುವನ್ನು ನನ್ನ ತೊಡೆಯ ಮೇಲೆ ಕೂರಿಸಿ, ಲೋಟವನ್ನು ನನ್ನ ಕೈಗೆ ಕೊಟ್ಟು, ‘ಕುಡಿ’ ಎಂದರು.

ಅದು ಆಗಲೇ ಆರಿತ್ತು. ಬಿಸಿಲಿನಲ್ಲಿ ಬಂದ ಬಾಯಾರಿಕೆ ಬೇರೆ. ಎರಡು ಗುಟುಕು ಕುಡಿದು ಲೋಟವನ್ನು ಮಂಡಿಯ ಹತ್ತಿರ ಇಳಿಸಿದೆ. ಸಿಂಧು ಬಗ್ಗಿದಳು. ಅವಳ ಬಲಗೈ ನೇರವಾಗಿ, ಹುಡುಕಾಟವೇ ಇಲ್ಲದೆ, ಲೋಟದೊಳಕ್ಕೆ ಹೋಯಿತು. ನಾಲ್ಕೂ ಬೆರಳು ಬಾಯಿಗೆ. ಕಂದು ಜೊಲ್ಲು ಗಲ್ಲದಿಂದ ಎದೆಬಟ್ಟೆಯ ಅಂಚಿಗೆ ಇಳಿಯಿತು, ಶನಿವಾರ ಕಲೆ ಇದ್ದ ಜಾಗಕ್ಕೇ.

ದಿನಾ ನಾಲ್ಕು ಗಂಟೆಗೆ ಮಗುವನ್ನು ತೊಡೆಯ ಮೇಲಿಟ್ಟುಕೊಂಡು, ಒಂದು ಕೈಯಲ್ಲಿ ಫೋನು ಹಿಡಿದು, ಮಕ್ಕಳಿಗೆ ಯಾವಾಗ ಏನು ಕೊಡಬೇಕು ಎಂದು ಓದುತ್ತಾ ನಾನು ಈ ಲೋಟ ಖಾಲಿ ಮಾಡುತ್ತಿದ್ದೆ. ಮನೆಯಲ್ಲಿ ಯಾರು ಯಾರು ಮಗುವಿಗೆ ತಿನ್ನಿಸಿರಬಹುದು ಎಂದು ನಾನು ಮನಸ್ಸಿನಲ್ಲೇ ಹಾಕಿಕೊಂಡಿದ್ದ ಪಟ್ಟಿಯಲ್ಲಿ ಅತ್ತೆಯ ಹೆಸರಿತ್ತು, ಮುದ್ದಮ್ಮನ ಹೆಸರಿತ್ತು, ಶಶಿಯದ್ದೂ ಇತ್ತು. ನನ್ನದು ಇರಲಿಲ್ಲ.

ಅತ್ತೆ ಸೆರಗಿನ ತುದಿಯಿಂದ ಮಗುವಿನ ಗಲ್ಲ ಒರೆಸಿದರು.

‘ನಾನು ಈ ತಿಂಗಳ ಮೊದ್ಲಲ್ಲೇ ನೋಡ್ದೆ,’ ಎಂದರು. ‘ನೀನೇ ಬೇಕಂತ ನೆಕ್ಕುಸ್ತಾ ಇದ್ದೀಯ ಅಂದ್ಕಂಡೆ. ಡಾಕ್ಟ್ರ ಹೆಸ್ರೇಳಿ ನನ್ ಕೈ ಕಟ್ಟಾಕಿ, ತಾನು ಮಾತ್ರ ಕದ್ದು ಕೊಡ್ತಾವ್ಳೆ ಅಂತ. ಮುದ್ದಮ್ಮ ಕೇಳ್ದಾಗ ಎದ್ದು ಒಳಕ್ಕೆ ಹೋದ್ನಲ್ಲ, ನಿನ್ ಮಾನ ಉಳೀಲಿ ಅಂತ.’

ಆ ಮೂರು ವಾರ ಅವರೂ ನನ್ನ ಮೇಲೆ ಕಣ್ಣಿಟ್ಟಿದ್ದರು.

‘ನಾನು ಡಬ್ಬಿ ತೂಗ್ತಿದ್ದದ್ದೂ ಗೊತ್ತಿತ್ತಾ?’ ಎಂದೆ.

‘ಡೈರಿಯಿಂದ ಬಂದಾಗ ಡಬ್ಬಿ ಅಡಿಗಿನ ಧೂಳಲ್ಲಿ ಗುರುತು ಬೇರೆ ಕಡೆ ಇರ್ತಿತ್ತು ಕಣವ್ವ. ನಂಗೆ ಓದಕ್ ಬರಲ್ಲ, ಕಣ್ ಕಾಣಲ್ವಾ?’

ಅಂದು ಸಂಜೆ ಡೇ ಕೇರ್ ಫಾರಂ ಅವರಿಗೆ ತೋರಿಸಿದೆ. ಅವರು ಅದನ್ನು ತಿರುಗಿಸಿ ನೋಡಿ, ಅಲ್ಲಿ ಮಕ್ಕಳು ಅತ್ತರೆ ಯಾರು ಎತ್ತಿಕೊಳ್ಳುತ್ತಾರೆ ಎಂದು ಮಾತ್ರ ಕೇಳಿದರು. ನಾನು ಕಂಡದ್ದನ್ನು ಹೇಳಿದೆ. ಫಾರಂ ಅನ್ನು ಮತ್ತೆ ಬ್ಯಾಗಿಗೆ ಸೇರಿಸಲಿಲ್ಲ, ಹರಿದೂ ಹಾಕಲಿಲ್ಲ. ಫ್ರಿಜ್ಜಿನ ಮೇಲೆ ಇಟ್ಟೆ.

ಜೂನ್ ಹತ್ತು ಬುಧವಾರ. ಆರು ತುಂಬಿ ಏಳಕ್ಕೆ ಬಿದ್ದಿತು, ಏಳು ಬೆಸವೇ ಎಂದು ಅತ್ತೆ ಬೆಳಿಗ್ಗೆ ದೀಪ ಹಚ್ಚಿದರು. ಒಂದು ಚಮಚ ಹಿಟ್ಟನ್ನು ನೀರಿನಲ್ಲಿ ಗಂಟಿಲ್ಲದ ಹಾಗೆ ಕಾಯಿಸಿದರು. ಮೊದಲ ಚಮಚ ನಾನು ಕೊಟ್ಟೆ, ಎರಡನೆಯದು ಅವರು. ಸಿಂಧು ಎರಡನ್ನೂ ಬಾಯಲ್ಲಿಟ್ಟು, ಮುಖ ಸೊಟ್ಟಗೆ ಮಾಡಿ, ಲೋಟ ಎಲ್ಲಿ ಎಂದು ಹುಡುಕಿದಳು. ಬೆಲ್ಲ ಇಲ್ವಲ್ಲ ಪಾಪ ಎಂದು ಅತ್ತೆ ನನ್ನ ಕಡೆ ನೋಡಿದರು. ನಾನು ನೋಡದವಳ ಹಾಗೆ ಬ್ಯಾಗು ಎತ್ತಿಕೊಂಡೆ. ಮಧ್ಯಾಹ್ನ ಇನ್ನೊಂದು ಸಲ, ಎರಡು ಚಮಚ, ಬೆಲ್ಲ ಬೇಡ ಎಂದು ಮತ್ತೆ ಹೇಳಿ ಬಸ್ಸಿಗೆ ಹೋದೆ.

ಕ್ಲಾಸಿನಲ್ಲಿ ಮೂರು ಸಲ ಮಾತು ತಪ್ಪಿದೆ. ಸಂಜೆ ಬಂದಾಗ ಅತ್ತೆ ನಡುಮನೆಯಲ್ಲಿ ಮಗುವನ್ನು ಕಾಲ ಮೇಲೆ ಹಾಕಿಕೊಂಡು ಕೂತಿದ್ದರು. ಕೊಟ್ಟೆ, ತಿಂದಳು, ಮಲಗಿದಳು ಎಂದು ವರದಿ ಒಪ್ಪಿಸಿದರು. ಬೆಲ್ಲದ ವಿಷಯ ಅವರಾಗಿ ಎತ್ತಲಿಲ್ಲ. ನಾನು ಕೈಕಾಲು ತೊಳೆದು ಅಡುಗೆಮನೆಗೆ ಹೋದೆ. ನನ್ನ ಲೋಟ ತಟ್ಟೆ ಮುಚ್ಚಿಕೊಂಡು ಕಾಯುತ್ತಿತ್ತು. ಅದರ ಪಕ್ಕದಲ್ಲಿ ತಕ್ಕಡಿ. ತಕ್ಕಡಿಯ ಮೇಲೆ ಸರಿ ಹಿಟ್ಟಿನ ಡಬ್ಬಿ, ಅದರ ಹಿಂದೆ ಬೆಲ್ಲದ ಡಬ್ಬಿ ಸರದಿಗೆ ನಿಂತ ಹಾಗೆ. ಎರಡನ್ನೂ ಒರೆಸಿ ಇಟ್ಟಿದ್ದರು.

ಹಿಟ್ಟಿನ ಡಬ್ಬಿ ಎತ್ತಿ, ಗುಂಡಿ ಒತ್ತಿ, ಮತ್ತೆ ತಕ್ಕಡಿಯ ಮೇಲಿಟ್ಟೆ.

‘ಎಷ್ಟ್ ಬಂತು?’ ಎಂದು ನಡುಮನೆಯಿಂದ ಅತ್ತೆ ಕೇಳಿದರು.